ನಮ್ಮ ಪಂಪು ಸದ್ದೇ ಮಾಡುವುದಿಲ್ಲ

ನಮ್ಮ ಹಿತ್ತಲಿನ ನೀರಿನ ಪಂಪು ಸದ್ದೇ ಮಾಡುವುದಿಲ್ಲ ಎಂದು ನಾನು ಏಳು ವರ್ಷ ನಂಬಿದ್ದೆ. ನಂಬಿದ್ದು ಮಾತ್ರವಲ್ಲ, ಮನೆಗೆ ಬಂದವರಿಗೆಲ್ಲ ಹೇಳಿಕೊಂಡಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಪಂಪು ಕೂತಿರುವುದು ಪಕ್ಕದ ಮನೆಯ ಕಾಂಪೌಂಡ್ ಗೋಡೆಗೆ ಬೆನ್ನು ಹಚ್ಚಿ. ಗೋಡೆಯ ಆಚೆ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ದಿನಾ ಬೆಳಿಗ್ಗೆ ಪೇಪರು ಓದುವವರು ಎರ್ರಿಸ್ವಾಮಿ ಮಾಸ್ತರು. ಪಂಪಿನಿಂದ ಅವರ ಕುರ್ಚಿಗೆ ಎಂಟು ಹೆಜ್ಜೆ. ಏಳು ವರ್ಷದಲ್ಲಿ ಅವರು ಒಂದು ದಿನವೂ ತಕರಾರು ಮಾಡಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕು? ಮಾಸ್ತರಿಗೆ ಕಿವಿ ಕೇಳುತ್ತಿರಲಿಲ್ಲ ಎನ್ನುವುದನ್ನು ಮಾತ್ರ ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ.

ಪಂಪಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ನಾನು ಹುಟ್ಟಿ ಬೆಳೆದದ್ದು ದೇಶನೂರಿನಲ್ಲಿ. ನಮ್ಮ ಭತ್ತದ ಗದ್ದೆಯ ಬದುವಿನಲ್ಲಿ ಹತ್ತು ಎಚ್.ಪಿ.ಯ ಪಂಪೊಂದು ಇತ್ತು. ಅದರ ಪಕ್ಕದಲ್ಲೇ ನಮ್ಮ ಊಟ, ಜಗಳ, ಮದುವೆಯ ಮಾತುಕತೆ ಎಲ್ಲ. ಅಪ್ಪ ಬದುವಿನ ಮೇಲೆ ನಿಂತು ಒಂದು ಕೂಗು ಹಾಕಿದರೆ ಸಿರಿಗೇರಿಗೆ ಹೊರಟ ಬಸ್ಸು ನಿಲ್ಲುತ್ತಿತ್ತು. ಪಂಪು ಎಷ್ಟು ಅರಚಿದರೂ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಸದ್ದು ನಿಂತರೆ ಮಾತ್ರ ಅಪ್ಪ ಊಟದ ತಟ್ಟೆ ಬಿಟ್ಟು ಓಡುತ್ತಿದ್ದ, ಏನೋ ಕೆಟ್ಟಿತು ಎಂದು. ಮುಂದೆ ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಂಡು ಬದುಕಿದೆ. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನವನಿಗೂ ನಿದ್ದೆ ಬರುತ್ತಿರಲಿಲ್ಲ. ಇದು ಹೆಮ್ಮೆಯ ಮಾತೆಂದೇ ಇಂದಿಗೂ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ಕಂಟೋನ್ಮೆಂಟಿನಲ್ಲಿ ದೊಡ್ಡ ಹಿತ್ತಲಿನ ಈ ಹಳೆಯ ಮನೆಗೆ ಬಂದೆ. ಮಲ್ಲಿಗೆ, ನಿಂಬೆ, ಕರಿಬೇವು, ನಾಲ್ಕು ಸಾಲು ಬದನೆ ಹಾಕಿದೆ. ಬಳ್ಳಾರಿಯ ಬಿಸಿಲಿಗೆ ಇವೆಲ್ಲ ಬದುಕಬೇಕಾದರೆ ದಿನಾ ಬೆಳಿಗ್ಗೆ ಒಂದು ತಾಸು ಪಂಪು ಓಡಲೇಬೇಕು. ಓಡುತ್ತಿತ್ತು.

ಹಾಗೆ ನೋಡಿದರೆ ನೀರು ಮೇಲಕ್ಕೆ ಬರುವಾಗ ಯಾವ ಕಾಲದಲ್ಲೂ ಸುಮ್ಮನೆ ಬಂದಿಲ್ಲ. ಪಂಪಿಗಿಂತ ಮುಂಚೆ ಕಪಿಲೆ ಇತ್ತು. ಎತ್ತುಗಳು ಹಗ್ಗ ಎಳೆಯುತ್ತಿದ್ದರೆ ಬಾವಿಯ ಮೇಲಿನ ರಾಟೆ ಫರ್ಲಾಂಗು ದೂರ ಕೇಳಿಸುವಂತೆ ಕಿರುಗುಟ್ಟುತ್ತಿತ್ತು. ಬಾವಿ ತೋಡಿಸಿದವನ ಹೆಸರು ಶಾಸನದಲ್ಲಿ ಸಿಗುತ್ತದೆ, ಬಾವಿಗೆ ಬಿಟ್ಟ ಹೊಲದ ಎಲ್ಲೆಯೂ ಸಿಗುತ್ತದೆ. ಪಕ್ಕದ ಮನೆಯವರಿಗೆ ಅದರ ಸದ್ದಿನಿಂದ ಏನಾಯಿತು ಎಂದು ಒಬ್ಬನೂ ಕಲ್ಲಿನಲ್ಲಿ ಕೊರೆಸಿದ್ದನ್ನು ನಾನಂತೂ ಓದಿಲ್ಲ. ಇತಿಹಾಸವೇ ಬಿಟ್ಟ ವಿಷಯ, ನಾನು ಯಾಕೆ ತಲೆ ಕೆಡಿಸಿಕೊಳ್ಳಲಿ ಎಂದು ಹಾಯಾಗಿದ್ದೆ.

ಹೀಗಿರುವಾಗ ಮಾಸ್ತರ ಮಗಳು ಅವರಿಗೆ ಕಿವಿಯ ಮಿಷನ್ನು ಹಾಕಿಸಿಕೊಟ್ಟಳು. ಶೇಂಗಾ ಬೀಜದಷ್ಟು ಚಿಕ್ಕದು. ಮೊದಲ ವಾರ ಮಾಸ್ತರನ್ನು ನೋಡಲು ಎರಡು ಕಣ್ಣು ಸಾಲದಾಗಿತ್ತು. ಹನ್ನೆರಡು ವರ್ಷದಿಂದ ಕೇಳದಿದ್ದದ್ದು ಒಮ್ಮೆಗೇ ಕೇಳತೊಡಗಿ, ಅವರು ಕುಕ್ಕರಿನ ಸೀಟಿಗೂ ತಿರುಗಿ ನೋಡುತ್ತಿದ್ದರು, ಪೇಪರಿನ ಹಾಳೆಯನ್ನು ಸುಮ್ಮನೆ ಮಗುಚಿ ಮಗುಚಿ ಆ ಸರಪರ ಕೇಳಿ ನಗುತ್ತಿದ್ದರು.

ಎರಡನೆಯ ವಾರ ಅವರ ಹೆಂಡತಿ ಗಂಗಮ್ಮನವರು ನಮ್ಮ ಹಿತ್ತಲಿಗೆ ಬಂದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಸಾರ್, ತಪ್ಪು ತಿಳ್ಕೋಬ್ಯಾಡ್ರಿ," ಎಂದರು. "ಇವ್ರು ಮುಂಜಾನಿ ಮಿಷನ್ ತಗದು ಕನ್ನಡಕದ ಡಬ್ಬಿಯೊಳಗ ಇಡತಾರ್ರಿ. ಇಟ್ಟರಂದ್ರ ಆತು, ದಿನಪೂರ್ತಿ ಹಾಕ್ಕೊಳ್ಳಂಗಿಲ್ಲ. ಯಾಕಂತ ಕೇಳಿದ್ರ ನಿಮ್ಮ ಪಂಪಿನ ಸದ್ದು ಅಂತಾರ. ಹಿಂಗ ಬಿಟ್ರ ಕಿವಿಗೆ ರೂಢಿನ ಆಗಂಗಿಲ್ಲ ಅಂದಾರ್ರಿ ಡಾಕ್ಟರು."

ನಾನು ಏನೋ ಹೇಳಹೊರಟೆ. ಅವರು ನಿಲ್ಲಿಸಲಿಲ್ಲ. "ಹನ್ನೆರಡು ವರ್ಷ ಆತ್ರಿ ನಾವಿಬ್ರು ಮಾತಾಡಿ. ಬರೇ ಒದರ್ಯಾಡೀವಿ. ಹೋದ ವಾರ ನಾನು ಮೆಲ್ಲಗ ಒಂದು ಮಾತು ಅಂದೆ, ಅವ್ರು ಮೆಲ್ಲಗ ಓ ಅಂದ್ರು. ಅಷ್ಟ ಸಾಕಾಗಿತ್ತು ನನಗ."

ಒಂದು ಅರ್ಧ ಎಚ್.ಪಿ.ಯ ಪಂಪು ಗಂಡ ಹೆಂಡಿರ ನಡುವೆ ನಿಂತುಬಿಟ್ಟಿದೆಯಲ್ಲ! "ನೀವು ಚಿಂತಿ ಮಾಡಬ್ಯಾಡ್ರಿ ಅಮ್ಮಾರ, ನಾಳೆಯಿಂದ ಪಂಪು ಐತೋ ಇಲ್ಲೋ ಅನ್ನಂಗ ಮಾಡತೀನಿ," ಎಂದು ಮಾತು ಕೊಟ್ಟೆ. ಗಂಗಮ್ಮನವರು ಯಾಕೋ ಒಂದು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು ಹೋದರು.

ನನ್ನ ಮೊದಲ ಉಪಾಯ ಕೌದಿ. ಅತ್ತೆಯವರು ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಹೊಲಿದುಕೊಟ್ಟ ದಪ್ಪ ಕೌದಿಯನ್ನು ತಂದು ಪಂಪಿಗೆ ಹೊದಿಸಿ ಕಿವಿಗೊಟ್ಟೆ. ಸದ್ದು ಗುಂಯ್ ಎಂದು ಕುಗ್ಗಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಚಳಿಗಾಲದಲ್ಲೂ ಬೆವರುವ ಊರಿನಲ್ಲಿ ಮೋಟಾರಿಗೆ ಕೌದಿ ಹೊದಿಸಿದರೆ ಏನಾಗುತ್ತದೆ ಎಂದು ಅರ್ಧ ತಾಸಿಗೆ ಗೊತ್ತಾಯಿತು. ಸುಟ್ಟ ವಾಸನೆಗೆ ಮೊದಲು ಹೊರಬಂದವಳು ನನ್ನ ಹೆಂಡತಿ ಸುಮಂಗಲಾ. ಅವಳು ಪಂಪನ್ನು ನೋಡಲಿಲ್ಲ. ತನ್ನ ತಾಯಿಯ ಕೌದಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎರಡು ದಿನ ಮನೆಯೊಳಗೆ ಬಹಳ ನಿಶ್ಶಬ್ದವಿತ್ತು.

ಕೌದಿ ಸುಟ್ಟ ಮರುದಿನವೇ ಕುರುಗೋಡಿನಿಂದ ಮಾಬುಸಾಬ್ ಎಂಬ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಪಂಪು ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಇಟ್ಟು, ಹಿಡಿಯನ್ನು ತನ್ನ ಕಿವಿಗೆ ಹಚ್ಚಿ ಕೂತ. ನಾನು ದೇಶನೂರಿನ ಪಂಪಿನಿಂದ ಹಿಡಿದು ನನಗೆ ಗೊತ್ತಿದ್ದನ್ನೆಲ್ಲ ಹೇಳತೊಡಗಿದೆ. ಅವನು ಕೈ ಎತ್ತಿ, "ಸಾರ್, ಒಂದೀಟು ಸುಮ್ಕಿರ್ರಿ. ಪಂಪು ಕೇಳವಲ್ದು," ಎಂದ. ಕೆಲಸಗಾರನ ಏಕಾಗ್ರತೆ ಎಂದರೆ ಹೀಗಿರಬೇಕು ಎಂದುಕೊಂಡು ಸುಮ್ಮನಾದೆ.

ಆಮೇಲೆ ಅವನು ಹೇಳಿದ್ದನ್ನು ಕೇಳಿ ನನ್ನ ಪಂಪಿನ ಪಾಂಡಿತ್ಯವೆಲ್ಲ ಇಳಿದುಹೋಯಿತು. "ಪಂಪು ಒಂದು ಪಾಲು ಒದರತೈತ್ರಿ, ನಿಮ್ಮ ಗ್ವಾಡಿ ಮೂರು ಪಾಲು ಒದರತೈತಿ." ಪಂಪನ್ನು ಕಡಪ ಕಲ್ಲಿನ ಮೇಲೆ ಬಿಗಿದದ್ದು ನಾನೇ, ಅಲುಗಾಡಬಾರದೆಂದು. ಅದರ ನಡುಕವೆಲ್ಲ ಕಲ್ಲಿಗೆ ಇಳಿದು, ಕಲ್ಲಿನಿಂದ ಗೋಡೆ ಹತ್ತುತ್ತಿತ್ತು. ನೀರಿನ ಪೈಪನ್ನೂ ಗೋಡೆಗೇ ಹೊಡೆದು ಕೂರಿಸಿದ್ದೆ, ಚೆಂದ ಕಾಣಲೆಂದು. ಹೀಗೆ ಮಾಸ್ತರ ಕಡೆಯ ಗೋಡೆ ಮುಂಜಾನೆ ಒಂದು ತಾಸು ತಮಟೆಯಾಗುತ್ತಿತ್ತು. ಮೇಲೆ ಮಳೆಗೆಂದು ಹಾಕಿದ ತಗಡು ಅದಕ್ಕೆ ತಾಳ. ಸಂಪಿನ ತಳದಲ್ಲಿ ನೀರು ಎಳೆಯುವ ಜಾಲರಿಗೆ ಬೇವಿನ ಎಲೆ ಮೆತ್ತಿಕೊಂಡು, ಪಂಪು ನೀರು ಸಾಲದೆ ಕಲ್ಲು ಕಡಿದಂತೆ ಕಟಕಟ ಎನ್ನುತ್ತಿತ್ತು. ಬೇರಿಂಗು ಸವೆದು ಊಳಿಡುತ್ತಿತ್ತು. ಮಾಬುಸಾಬ್ ಬೇರಿಂಗು ಬದಲಿಸಿದ, ಜಾಲರಿ ತೊಳೆದ, ಪಂಪಿನ ಕಾಲಿಗೆ ಹಳೆಯ ಟೈರಿನ ರಬ್ಬರು ಕೊಟ್ಟ, ಪೈಪನ್ನು ಗೋಡೆಯಿಂದ ಬಿಡಿಸಿ ನಡುವೆ ಒಂದು ತುಂಡು ರಬ್ಬರು ಪೈಪು ಸೇರಿಸಿದ, ತಗಡನ್ನು ಕಿತ್ತೆಸೆದ. ಸಂಜೆ ಪಂಪು ಹಾಕಿದರೆ ಓಡುತ್ತಿದೆಯೋ ಇಲ್ಲವೋ ತಿಳಿಯಲು ಅಂಗೈ ಇಟ್ಟು ನೋಡಬೇಕಾಯಿತು.

ಗೆದ್ದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಪಂಪು ಹಾಕಿ ಗೋಡೆಯ ಹತ್ತಿರ ಬಂದೆ. ಮಾಸ್ತರು ಮಿಷನ್ನು ಹಾಕಿಕೊಂಡೇ ಪೇಪರು ಓದುತ್ತಿದ್ದರು. "ಮಾಸ್ತರ! ಹೆಂಗೈತ್ರೀ ಪಂಪು!" ಎಂದೆ.

ಅವರು ತಲೆ ಎತ್ತಿ ನಕ್ಕರು. ನಗುತ್ತಲೇ ಕಿವಿಯಿಂದ ಮಿಷನ್ನು ತೆಗೆದು ಕನ್ನಡಕದ ಡಬ್ಬಿಗೆ ಹಾಕಿದರು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಒಳಬಾಗಿಲಲ್ಲಿ ನಿಂತಿದ್ದ ಗಂಗಮ್ಮನವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಇನ್ನೂ ಕೇಳ್ತೈತೇನ್ರಿ ಪಂಪು?" ಎಂದು ಕೇಳಿಯೇಬಿಟ್ಟೆ.

ಮಾಸ್ತರು ಮಿಷನ್ನು ಇಟ್ಟ ಡಬ್ಬಿಯ ಮುಚ್ಚಳ ಹಾಕಿದರು. "ಪಂಪಿಂದು ಏನೂ ತಪ್ಪಿಲ್ರಿ ಸಾರ್," ಎಂದರು. "ಹನ್ನೆರಡು ವರ್ಷದಾಗ ಮಂದಿ ಎಲ್ಲಾ ನನ್ನ ಕೂಡ ಮಾತು ಬಿಟ್ರು. ಕೈ ಮಾಡಿ, ನಕ್ಕು ಹೋಗೋರು. ದಿನಾ ನಿಂತು ಮಾತಾಡಿಸಿದವ್ರು ನೀವೊಬ್ರ. ನಿಮ್ಮ ದನಿ ಒಂದ ನನಗ ಪೂರಾ ಕೇಳ್ತಿತ್ತು. ಈಗ ಮಿಷನ್ ಹಾಕ್ಕೊಂಡ ಮ್ಯಾಲೆ ಅದ ದನಿ ತಲಿಗೆ ಹೊಡೀತೈತ್ರಿ. ನಿಮಗ ಹೆಂಗ ಹೇಳ್ಲಿ? ಅದಕ್ಕ ಪಂಪಿನ ಮ್ಯಾಲೆ ಹಾಕಿದೆ."

ಮಾಬುಸಾಬ್ ಕೈ ಎತ್ತಿದ್ದು, ಗಂಗಮ್ಮ ಹಿಂದೆ ಸರಿದದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು. ನಾಚಿಕೆಯಾಯಿತು, ಅದರ ಕೆಳಗೆ, ಹೇಳಿಕೊಳ್ಳಲು ಸಂಕೋಚವಾಗುವಂಥ ಸಂತೋಷವೂ ಆಯಿತು. ಪಂಪುಗಳು ಯಾಕೆ ಸದ್ದು ಮಾಡುತ್ತವೆ ಎಂದು ಅಷ್ಟೆಲ್ಲ ತಿಳಿದುಕೊಂಡೆ. ಒಂದು ಪಂಪಿನ ಪಕ್ಕದಲ್ಲಿ ಬೆಳೆದ ಗಂಟಲಿಗೆ ಏನಾಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಹತ್ತು ಎಚ್.ಪಿ.ಯನ್ನು ದೇಶನೂರಿನಲ್ಲಿ ಬಿಟ್ಟು ಬಂದೆ ಎಂದುಕೊಂಡಿದ್ದೆ. ಅದು ನನ್ನ ಜೊತೆಗೇ ಬಂದಿತ್ತು.

ಮಿಷನ್ನು ಹಾಕಿಕೊಳ್ಳಿ ಎಂದು ಮಾಸ್ತರಿಗೆ ಸನ್ನೆ ಮಾಡಿದೆ. ಪಟಾಕಿಯ ಬತ್ತಿಗೆ ಬೆಂಕಿ ತಾಕಿಸಿದವನನ್ನು ನೋಡುವಂತೆ ನನ್ನನ್ನು ನೋಡುತ್ತಾ ಅವರು ಹಾಕಿಕೊಂಡರು. ಮೆಲ್ಲಗೆ ಮಾತಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಮೊದಲ ಸಲ ಬಾಯಿ ತೆರೆದಾಗ ಬರೀ ಗಾಳಿ ಬಂತು. ಎರಡನೆಯ ಸಲ, "ಚಾ ಆತೇನ್ರಿ, ಮಾಸ್ತರ?" ಎಂದೆ. ಆ ದನಿ ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ.

"ಆತ್ರಿ," ಎಂದರು ಮಾಸ್ತರು, ಅಷ್ಟೇ ಮೆಲ್ಲಗೆ. ಅವರ ಕೈ ಕಿವಿಯತ್ತ ಹೋಗಲಿಲ್ಲ. ಬಾಗಿಲಲ್ಲಿ ಗಂಗಮ್ಮನವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾವು ಹಾಗೆಯೇ ಬದನೆಯ ಹುಳದ ಬಗ್ಗೆ, ಬಿಸಿಲಿನ ಬಗ್ಗೆ ಸಣ್ಣ ದನಿಯಲ್ಲಿ ಮಾತಾಡುತ್ತಾ ನಿಂತೆವು.

ಅಷ್ಟರಲ್ಲಿ ನಮ್ಮ ಅಡುಗೆಮನೆಯ ಬಾಗಿಲು ದಡಾರನೆ ತೆರೆಯಿತು. ಕೈಯಲ್ಲಿ ಸೌಟು ಹಿಡಿದೇ ಸುಮಂಗಲಾ ಹಿತ್ತಲಿಗೆ ಓಡಿ ಬಂದಳು, ಅಂದು ನಮ್ಮಪ್ಪ ತಟ್ಟೆ ಬಿಟ್ಟು ಓಡುತ್ತಿದ್ದನಲ್ಲ, ಹಾಗೆಯೇ. "ಏನಾತ್ರಿ?" ಎಂದಳು ಏದುಸಿರು ಬಿಡುತ್ತಾ. "ನಿಮ್ಮ ದನಿನ ಇಲ್ಲ. ಆರಾಮ ಅದೀರಿಲ್ಲೋ?"