ಅತ್ತೆಯ ಪೂಜೆ ಮತ್ತು ಮುಕ್ತಿನಾಥದ ದಾರಿ

ನನ್ನ ಅತ್ತೆ ಬಸವಂತಮ್ಮ ಕಲ್ಲೂರಿನ ಮಗಳು, ರಾಯಚೂರಿನ ಸೊಸೆ. ಗಂಡ ತೀರಿದ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಮಗನನ್ನು ಓದಿಸಿದವರು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರೆಗೆ ಅವರ ಬಾಯಿಗೆ ಹನಿ ನೀರೂ ಹೋಗುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾದಾಗ, "ಸೂಜಿ ಬಾಯಾಗ ಹೋಗೂದಲ್ಲಲ್ಲ" ಎಂದು ಅದನ್ನು ಮಾತ್ರ ಪೂಜೆಗೆ ಮೊದಲೇ ಚುಚ್ಚಿಕೊಳ್ಳತೊಡಗಿದರು. ಮನೆಯಲ್ಲಿ ತೊಂದರೆಯಾಗಲಿಲ್ಲ. ಪೂಜೆ ಮುಗಿಯುವಷ್ಟರಲ್ಲಿ ತಟ್ಟೆಯಲ್ಲಿ ರೊಟ್ಟಿ ಇರುತ್ತಿತ್ತು.

ನೇಪಾಳದ ಆಸೆ ಹುಟ್ಟಿಸಿದವರೂ ಅವರೇ. ಹಿಮದ ಬೆಟ್ಟಗಳ ನಡುವೆ ಜೀಪು ಹೋಗುವ ವಿಡಿಯೊ ನೋಡಿ, "ಆ ದಾರ್ಯಾಗ ಒಮ್ಮಿ ಕುಂತು ಹೋಗಬೇಕಲೇ ಶಿವರಾಜ" ಅಂದರು. ನಮ್ಮಲ್ಲಿ ಯಾರೂ ದೇಶ ದಾಟಿದವರಲ್ಲ. ಆ ದಾರಿ ಪೋಖರಾ ಪಟ್ಟಣದಿಂದ ಬೆಟ್ಟದ ಮೇಲಿನ ಮುಕ್ತಿನಾಥ ದೇವಸ್ಥಾನಕ್ಕೆ ಹೋಗುವುದು. ಮೊಬೈಲಿನಲ್ಲಿ ನಕ್ಷೆ ತೆರೆದು ನಾನೂ ನನ್ನ ಗಂಡ ಶಿವರಾಜನೂ ಕುಳಿತೆವು.

ಶಿವರಾಜ ಬೀಜದ ಕಂಪನಿಯ ಕೆಲಸಕ್ಕೆ ದಿನಾ ಮಾನ್ವಿ, ದೇವದುರ್ಗ ಸುತ್ತುವವರು. ಐವತ್ತು ಕಿಲೋಮೀಟರಿಗೆ ಒಂದು ತಾಸು ಎಂಬುದು ಅವರ ಬಯಲಿನ ಲೆಕ್ಕ.

"ಪೋಖರಾದಿಂದ ಮುಕ್ತಿನಾಥ ನೂರಾ ಎಪ್ಪತ್ತು. ನಸುಕಿನ್ಯಾಗ ಬಿಟ್ರ ನಾಷ್ಟಾಕ್ಕ ಅಲ್ಲಿರ್ತೀವಿ. ಯವ್ವನ ಜಳಕ, ಪೂಜಿ ಎಲ್ಲಾ ಅಲ್ಲೇ."

"ಒಂಬತ್ತು ತಾಸು ಅಂತ ತೋರಸಾಕತ್ತದ್ರೀ. ಗುಡ್ಡದ ರಸ್ತೆ ಅದು. ಅಲ್ಲಿ ತನಕ ಅತ್ತಿ ಉಪವಾಸ ಇರಬೇಕೇನ್ರೀ?"

"ಮೊಬೈಲ್ ಮಾತು ಕೇಳಿ ಗಂಡನ ಮಾತು ಬಿಡ್ತೀಯೇನು?"

ಪೂಜೆ, ಊಟ ಮುಗಿಸಿ ಹೊರಟು, ದಾರಿಯಲ್ಲಿ ಎರಡು ಕಡೆ ತಂಗುವ ಹಾಗೆ ನಾನು ಬೇರೆ ದಾರಿ ಹಾಕಿ ತೋರಿಸಿದೆ. ಅಷ್ಟು ರಜೆ ಸಿಗುವುದಿಲ್ಲ ಅಂದರು. "ಇಲ್ಲಾಂದ್ರ ಯವ್ವನ್ನ ಪೋಖರಾದಾಗ ಬಿಟ್ಟು ನಾವು ಹೋಗಿ ಬರಮು."

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಮರುದಿನ, "ದೇವದುರ್ಗದಾಗ ತಂಗಿನ್ನ ನೋಡಿ ಬರ್ತೀನಿ, ಪೂಜಿ ಅಲ್ಲೇ ಮಾಡ್ಕೋತೀನಿ" ಎಂದು ಅತ್ತೆ ಮೊದಲ ಬಸ್ಸಿಗೆ ಹೊರಟರು. ನಾನು ಮಗಳ ತಲೆ ಬಾಚುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾ, ನಾ ಯಾಸ್ಮೀನ್, ಸಿರವಾರ ಬಸ್‌ಸ್ಟ್ಯಾಂಡಿನಾಗ ಬಳಿ ಮಾರ್ತೀನಿ. ನಿಮ್ಮ ಅತ್ತಿ ಬಿದ್ದಾರ್ರೀ. ಮೈಯೆಲ್ಲಾ ಬೆವರು. ನಮ್ಮಮ್ಮಗೂ ಶುಗರ್ ಅದ, ನೋಡಿದ ಕೂಡ್ಲೆ ತಿಳೀತು. ಬಾಯಾಗ ಸಕ್ರಿ ಹಾಕೀನಿ. ಈಗ ಕಣ್ಣು ಬಿಟ್ಟಾರ, ನಿಮ್ಮ ನಂಬರ್ ಹೇಳ್ಯಾರ."

ನಾವು ಮುಟ್ಟುವಷ್ಟರಲ್ಲಿ ಆಕೆ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದಳು. ಸೂಜಿ ಹಾಕಿಕೊಂಡು ಉಪವಾಸ ಇದ್ದರೆ ಜೀವಕ್ಕೇ ಅಪಾಯ, ಪೂಜೆ ಮುಗಿದು ತಟ್ಟೆ ಮುಂದೆ ಬಂದಾಗಲೇ ಹಾಕಿಕೊಳ್ಳಬೇಕು ಎಂದು ಡಾಕ್ಟರು ಗದರಿದರು.

ಅತ್ತೆ ತಂಗಿಯ ಮನೆಗೆ ಹೊರಟೇ ಇರಲಿಲ್ಲ. ಮಾನ್ವಿ ಸುತ್ತಿ, ಸಿರವಾರಕ್ಕೆ ಬಂದು, ಇನ್ನೊಂದು ಬಸ್ಸಿಗೆ ಕಾಯುತ್ತಿದ್ದರು. ಪೂಜೆಯಿಲ್ಲದೆ, ಖಾಲಿ ಹೊಟ್ಟೆಯಲ್ಲಿ ಎಷ್ಟು ದೂರ ಕೂರಬಲ್ಲೆ ಎಂದು ನೋಡಿಕೊಳ್ಳಲು.

"ಕುಂತು ತೋರಿಸಿದ್ರ ಕರಕೊಂಡು ಹೋಗ್ತೀರಿ ಅನ್ಕೊಂಡೆ" ಅಂದರು. "ಆಗ್ಲಿಲ್ಲ. ಪೂಜಿಗಿಂತ ಮೊದ್ಲ ಸಕ್ರಿ ತಿಂದೆ."

"ತಿಂದಿದ್ದಕ್ಕ ಉಳದೀ ಯವ್ವಾ" ಎಂದು ಶಿವರಾಜ ಕೈ ಹಿಡಿದರು.

"ಉಳದೀನಿ. ಅದಕ್ಕೇನು ಮಾಡ್ಲಿ?"

ಮನೆಗೆ ಬಂದ ಮೇಲೆ ಶಿವರಾಜ ತಾವೇ ಮೊಬೈಲ್ ಮುಂದೆ ಹಿಡಿದರು. "ಪೂಜಿ, ಊಟ ಮುಗಿಸಿ ಹೊಂಟ್ರ ಎಲ್ಲಿ ತನಕ ಆಗ್ತದ?"

"ಮೊದ್ಲ ದಿನ ಬೇನಿ ಅನ್ನೂ ಊರು. ಮರುದಿನ ತಾತೋಪಾನಿ. ರಜಾ ಅಲ್ಲಿಗೇ ಮುಗೀತದ."

"ಹಿಮ?"

"ಮೋಡ ಇಲ್ಲಾಂದ್ರ ದೂರದಿಂದ ಕಾಣ್ತದಂತ."

"ಅಲ್ಲಿಂದಲೇ ತಿರಗಮು. ಮುಕ್ತಿನಾಥ ಬ್ಯಾಡ."

ಅತ್ತೆಗೆ ಹೇಳಲು ನಾನು ಹೋದೆ. ಇನ್ನು ಪೂಜೆಯಾದ ಮೇಲೆ ಸೂಜಿ ನಾನೇ ಹಾಕುತ್ತೇನೆ ಅಂದಾಗ "ಆತು" ಅಂದರು. ದಾರಿಯ ಮಾತು ತೆಗೆದಾಗ ಗೋಡೆಯ ಕಡೆ ತಿರುಗಿದರು.

"ನನ್ನ ಸಲುವಾಗಿ ದಾರಿ ಯಾಕ ಕಡೀತೀರಿ, ಅನುರಾಧಾ? ನೀವು ಹೋಗಿ ಬರ್ರಿ."

"ನೀವು ಬರದಿದ್ರ ನಾವೂ ಹೋಗಂಗಿಲ್ಲ, ಅತ್ತಿ."

ಸಮಾಧಾನವಾಗಲಿ ಎಂದು ಆಡಿದ ಮಾತು ಅವರಿಗೆ ಇನ್ನೊಂದು ಭಾರವಾಯಿತೆಂದು ಕುಗ್ಗಿದ ಭುಜ ನೋಡಿಯೇ ತಿಳಿಯಿತು. ಇದುವರೆಗೂ ಅವರು ಬರುತ್ತೇನೆ ಎಂದಿಲ್ಲ. ಪೋಖರಾದ ಜೀಪಿನವನಿಗೆ ಎಷ್ಟು ಜನ ಎಂದು ನಾಳೆ ತಿಳಿಸಬೇಕು. ಅತ್ತೆಯನ್ನು ಸೇರಿಸಿಯೇ ಹೇಳುತ್ತೇನೆ.