ರಾಳ ಮುಗಿದಾಗ

ನಾನು ಚಿಕ್ಕವಳಿದ್ದಾಗ, ರಿಪೇರಿಗೆ ತಂದ ರೇಡಿಯೊವನ್ನು ಯಾರೂ ಬಿಟ್ಟು ಹೋಗುತ್ತಿರಲಿಲ್ಲ. ಯರಗುಪ್ಪಿಯ ನಮ್ಮ ಪಡಸಾಲೆಯಲ್ಲಿ ಅಪ್ಪ ರೇಡಿಯೊ ಬಿಚ್ಚಿದರೆ, ತಂದವರು ಎದುರಿಗೆ ಹಾಸಿದ ಚೀಲದ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದರು. ರಿಪೇರಿಯವರು ಒಳ್ಳೆಯ ಸಾಮಾನು ಕಿತ್ತುಕೊಂಡು ಹಳೆಯದನ್ನು ಹಾಕುತ್ತಾರೆ ಎಂಬ ಗುಮಾನಿ ಎಲ್ಲರಿಗೂ. ಬದಲಾದರೆ ಗೊತ್ತಾಗಲೆಂದು ಕೆಲವರು ಒಳಗಿನ ಸಾಮಾನಿಗೆಲ್ಲ ಸುಣ್ಣದ ಚುಕ್ಕೆ ಇಟ್ಟು ತರುತ್ತಿದ್ದರು.

ಒಂದು ಮಳೆಗಾಲದ ಮುಂಜಾನೆ ಕುಬಿಹಾಳದಿಂದ ಹಾಗೆ ಚುಕ್ಕೆ ಇಡುವ ಕಾಕಾ ಒಬ್ಬ ಬಂದ. ಬಗಲಲ್ಲಿ ಅರಿವೆ ಸುತ್ತಿದ ರೇಡಿಯೊ. ತಿಂಗಳ ಹಿಂದಷ್ಟೇ ಅಪ್ಪ ಸರಿ ಮಾಡಿಕೊಟ್ಟಿದ್ದ. ಈಗ ಮತ್ತೆ ಮೂಕ. ಆ ವಾರ ಹೀಗೆ ಮರಳಿ ಬಂದ ಮೂರನೆಯದು ಅದು.

"ಸಾಮಾನ ಬದಲ್ ಮಾಡೀರೇನ್ರಿ?" ಎಂದು ನೇರವಾಗಿ ಕೇಳಿದ. "ಊರಾಗ ಕೇಳಿದವ್ರಿಗೆ ನಾ ಏನರ ಹೇಳಬೇಕಲ್ಲ."

ಆ ಮಾತು ಹಬ್ಬಿದರೆ ಇನ್ನು ಯಾರೂ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಅಪ್ಪನಿಗೂ ಒಂದು ಗುಮಾನಿಯಿತ್ತು: ಹುಬ್ಬಳ್ಳಿಯ ಅಂಗಡಿಯವನು ಕೆಟ್ಟ ಸಾಮಾನು ಕೊಟ್ಟಿರಬೇಕು. ಅವನನ್ನು ಬೈಯುತ್ತಲೇ ಸ್ಕ್ರೂ ಬಿಚ್ಚಿದ. ಸುಣ್ಣದ ಚುಕ್ಕೆಗಳೆಲ್ಲ ಇದ್ದಲ್ಲೇ ಇದ್ದವು. ಕಾಕಾ ಬಗ್ಗಿ ನೋಡಿ, "ಚುಕ್ಕಿ ನೀವೂ ಇಡಬಹುದಲ್ರಿ" ಎಂದ.

ಅಪ್ಪನಿಂದ ಬೆಸುಗೆ ಕಲಿತಿದ್ದ ಅಕ್ಕ ಮೆಲ್ಲಗೆ ಬೆರಳಿಟ್ಟು ತೋರಿಸಿದಳು. ಬೆಸುಗೆಯ ಸುತ್ತ ತಂತಿ ಕಿಲುಬು ಹತ್ತಿದ ತಾಮ್ರದ ಚರಿಗೆಯ ಹಾಗೆ ಹಸಿರುಗಟ್ಟಿತ್ತು. ಮುಟ್ಟಿದರೆ ಮುರಿಯಿತು.

ಬೆಸುಗೆ ಹಿಡಿಯಬೇಕಾದರೆ ಮೊದಲು ತಂತಿಯ ಕೊಳೆ ಬಿಡಬೇಕು. ಅದಕ್ಕೆ ನಮ್ಮಲ್ಲಿ ರಾಳವಿತ್ತು. ಜೇನಿನ ಬಣ್ಣದ ಹರಳು. ಕಾವು ತಾಗಿದರೆ ಮನೆಯೆಲ್ಲ ಧೂಪದ ವಾಸನೆ. ಹಿಂದಿನ ತಿಂಗಳು ರಾಳ ಮುಗಿದಾಗ, ಅಪ್ಪ ಹುಬ್ಬಳ್ಳಿಗೆ ಹೋಗುವುದು ಬಿಟ್ಟು, ಕೊಡ, ಕಂದೀಲು ಬೆಸೆಯುವವನಿಂದ ಒಂದು ಸೀಸೆ ಆ್ಯಸಿಡ್ ತಂದಿದ್ದ. ಚುರ್ ಎಂದು ಗಂಟಲು ಕೆರೆಯುವ ಹೊಗೆ ಎದ್ದು, ಬೆಸುಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕೊಡವನ್ನಾದರೆ ಆಮೇಲೆ ತೊಳೆಯುತ್ತಾರೆ. ರೇಡಿಯೊ ತೊಳೆಯಲು ಬರುತ್ತದೆಯೇ? ಒಳಗೆ ಉಳಿದ ಆ್ಯಸಿಡ್ ಮಳೆಗಾಲದ ತೇವ ಕುಡಿದು ತಂತಿ ತಿಂದುಹಾಕಿತ್ತು.

ಅಪ್ಪ ಹುಬ್ಬಳ್ಳಿಯವನ ಮೇಲೆ ಹಾಕಬಹುದಿತ್ತು. ಕಾಕಾನಿಗೇನು ತಿಳಿಯುತ್ತಿತ್ತು? ಆದರೆ ಅಪ್ಪ ಹೇಳಿದ: "ಸಾಮಾನ ನಿಮ್ದ ಐತ್ರಿ ಕಾಕಾ. ತಪ್ಪು ನಂದು. ಕೊಡಕ್ಕ ಹಚ್ಚೂದು ರೇಡಿಯೋಕ್ಕ ಹಚ್ಚೀನಿ."

ಅಪ್ಪ ಆ ಮಳೆಯಲ್ಲೇ ಹುಬ್ಬಳ್ಳಿಗೆ ಹೋಗಿ ರಾಳ ತರುವ ತನಕ ಕಾಕಾ ರೇಡಿಯೊವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ಅವ್ವ ಕೊಟ್ಟ ರೊಟ್ಟಿ ತಿನ್ನುವಾಗಲೂ ಕೆಳಗಿಳಿಸಲಿಲ್ಲ. ಸಂಜೆ ಅದು ಮತ್ತೆ ಮಾತಾಡಿತು. ಹೊರಡುವಾಗ, ಮುಂದಿನ ಸಲ ನೋಡಲು ಅಳಿಯನನ್ನೂ ಕರೆತರುತ್ತೇನೆ ಎಂದ.

"ಬರ್ರಿ, ಇನ್ನೊಂದು ಚೀಲ ಹಾಸ್ತೀನಿ" ಎಂದ ಅಪ್ಪ.

ಮಕ್ಕಳೇ, ಈಗ ನಿಮ್ಮ ಫೋನು ಕೆಟ್ಟರೆ ಅಂಗಡಿಯವನು ಪರದೆಯ ಹಿಂದೆ ಒಯ್ಯುತ್ತಾನೆ. ಯಾರು ಬಿಚ್ಚಿದರು, ಏನು ಮಾಡಿದರು, ನೀವು ಕೇಳುವುದಿಲ್ಲ. ನಾನು ಇಣುಕಿದರೆ, "ಆಯಿ, ಹಂಗ ನೋಡಬಾರ್ದು" ಎಂದು ಸೆರಗು ಜಗ್ಗುತ್ತೀರಿ. ಸಾಮಾನು ಕದ್ದಾರೆಂದು ನಾನು ಇಣುಕುವುದಿಲ್ಲ. ಕೆಲಸ ಕೆಟ್ಟರೆ ಹೊರಗೆ ಬಂದು 'ತಪ್ಪು ನಂದು' ಎನ್ನುವ ಮನುಷ್ಯ ಒಳಗಿದ್ದಾನೋ ಇಲ್ಲವೋ, ಅವನ ಮುಖ ನೋಡಬೇಕು, ಅಷ್ಟೆ.