ಗಂಗವ್ವ ಎಣಿಸಿದ ರೊಟ್ಟಿ

೧೯೭೪ರಲ್ಲಿ ನಾನು ಸಿಂದಗಿ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಎಂ.ಬಿ.ಬಿ.ಎಸ್. ಮುಗಿದು ಮೂರು ವರ್ಷವಾಗಿತ್ತು. ಆಗಿನ ಡೈರಿ ಈಗಲೂ ನನ್ನ ಬಳಿಯಿದೆ. ಅದರಲ್ಲಿರುವುದಕ್ಕೂ ನನ್ನ ನೆನಪಿಗೂ ಎಲ್ಲ ಕಡೆ ಹೊಂದುವುದಿಲ್ಲ.

ಆ ಜೂನ್‌ನಲ್ಲಿ ದೇವಣಗಾಂವ ಕಡೆಯ ಮಾರುತಿ ಮೊಣಕಾಲು ನೋವೆಂದು ಬಂದ. ಹಳೆಯ ಪೈಲವಾನ, ಐವತ್ತರ ಹತ್ತಿರದ ವಯಸ್ಸು, ೮೬ ಕಿಲೋ ತೂಕ. ತೂಕ ಇಳಿಸಲು ಹೇಳಿದೆ. ಅವನು ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡು ಬಂದ. ಮಾಲೆ ಬಿದ್ದ ಕೊರಳಲ್ಲಿ ಮಾಂಸ ಇಳಿಯುವಂತಿಲ್ಲ. ಸೆಪ್ಟೆಂಬರ್‌ನಲ್ಲಿ ತೂಕ ೭೯, ನವೆಂಬರ್‌ನಲ್ಲಿ ೭೦.

ನಾನು ಹುಟ್ಟು ಸಸ್ಯಾಹಾರಿ. ಮಾಂಸ ಬಿಟ್ಟು ಅವನ ತೂಕ ಇಳಿದದ್ದು ನನ್ನದೇ ಗೆಲುವೆನಿಸಿತು. ನವೆಂಬರ್‌ನಲ್ಲಿ ಅವನನ್ನು ಎಲ್ಲ ರೋಗಿಗಳೆದುರು ತೂಕದ ಯಂತ್ರದ ಮೇಲೆ ನಿಲ್ಲಿಸಿ ಹೊಗಳಿದೆ. ಆಗ ಬಾಗಿಲ ಬಳಿಯಿದ್ದ ಅವನ ಹೆಂಡತಿ ಗಂಗವ್ವ ಬಾಯಿ ತೆರೆದಳು.

"ಸಾಹೇಬ್ರ, ಮೊದಲ ನಾಕು ರೊಟ್ಟಿ ತಿಂತಿದ್ರು. ಈಗ ಎಂಟು ತಿಂದ್ರೂ ಹಸಿವು ಅಂತಾರ್ರಿ. ಕೊಡಗಟ್ಟಲೆ ನೀರು ಕುಡಿತಾರ. ತಿಂದದ್ದೆಲ್ಲಾ ಎಲ್ಲಿ ಹೊಂಟೈತ್ರಿ?"

"ಕೇಳಿದ್ರೇನ್ರಿ ಸಾಹೇಬ್ರ? ಗಂಡನ ರೊಟ್ಟಿ ಎಣಸ್ತಾಳ!" ಎಂದ ಮಾರುತಿ. "ಏ, ನೆದರ ಆಗ್ತೈತಿ, ಸುಮ್ನಿರ!"

ಉಣ್ಣುವವನ ತುತ್ತು ಎಣಿಸಿದರೆ ದೃಷ್ಟಿ ತಾಗುತ್ತದೆಂಬ ನಂಬಿಕೆ. ಎಲ್ಲರೂ ನಕ್ಕರು. ಗಂಗವ್ವ ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದಳು. ಅವಳು ಹೇಳಿದ್ದು ಎಂಟೋ ಏಳೋ, ಆಣೆ ಮಾಡಿ ಹೇಳಲಾರೆ. ನಾನೂ ನಕ್ಕದ್ದು ಮಾತ್ರ ಖಚಿತ. ಡೈರಿಯಲ್ಲಿ ಅವಳ ಮಾತಿಲ್ಲ. "ಮಾರುತಿ, ೭೦. ಉತ್ತಮ ಪ್ರಗತಿ" ಎಂದಷ್ಟೇ ಇದೆ.

ಜನವರಿಯಲ್ಲಿ ಅವನನ್ನು ಚಕ್ಕಡಿ ಗಾಡಿಯಲ್ಲಿ ಮಲಗಿಸಿ ತಂದರು. ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ದೀರ್ಘವಾಗಿ ಎಳೆಯುತ್ತಿದ್ದ ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಮೂತ್ರವನ್ನು ಬೆನೆಡಿಕ್ಟ್ ದ್ರಾವಣದೊಂದಿಗೆ ಕಾಯಿಸಿದೆ. ಸಕ್ಕರೆಯಿದ್ದರೆ ಆ ನೀಲಿ ದ್ರಾವಣದ ಬಣ್ಣ ಬದಲಾಗುತ್ತದೆ. ಇಲ್ಲಿ ಇಟ್ಟಿಗೆಯಂತೆ ಕೆಂಪಾಯಿತು. ಮಧುಮೇಹ ವಿಪರೀತಕ್ಕೆ ಹೋಗಿತ್ತು; ತಿಂದದ್ದೆಲ್ಲ ಸಕ್ಕರೆಯಾಗಿ ಮೂತ್ರದಲ್ಲಿ ಹರಿದು ಹೋಗುತ್ತಿತ್ತು. ಐದು ನಿಮಿಷದ ಪರೀಕ್ಷೆ. ಬಾಟಲಿ ಜೂನ್‌ನಿಂದಲೂ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ನಮ್ಮಲ್ಲಿ ಇನ್ಸುಲಿನ್ ಇರಲಿಲ್ಲ. ಸಲೈನ್ ಹಚ್ಚಿ, ಜೀಪಿನಲ್ಲಿ ವಿಜಾಪುರಕ್ಕೆ ಕರೆದೊಯ್ದೆ. ದಾರಿಯಲ್ಲೇ ಅವನ ನಾಡಿ ನಿಂತಿತು. ಜೀಪು ತಿರುಗಿಸಿದೆವು. ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಗಂಗವ್ವ ಕೇಳಿದಳು: "ಸಾಹೇಬ್ರ, ನಾ ರೊಟ್ಟಿ ಎಣಿಸಿದ್ದಕ್ಕ ಹಿಂಗಾತೇನ್ರಿ?"

"ಇಲ್ಲವ್ವಾ, ತಪ್ಪು ನನ್ನದು" ಎಂದೆನೆಂದು ನೆನಪು. ಆದರೆ ಇಂಥ ನೆನಪನ್ನು ಮನಸ್ಸು ತನ್ನ ಸಮಾಧಾನಕ್ಕೆ ಕಟ್ಟಿಕೊಂಡಿರಲೂಬಹುದು. ಡೈರಿಯಲ್ಲಿರುವುದು ಜೀಪು ಮರಳಿದ ಸಮಯ ಮಾತ್ರ.

ಆಮೇಲಿನ ವರ್ಷಗಳಲ್ಲಿ ಯಾರದೇ ತೂಕ ಇಳಿದರೂ ಹೊಗಳುವ ಮೊದಲು ಅವರ ಮನೆಯಲ್ಲಿ ರೊಟ್ಟಿ ಬಡಿಯುವವರನ್ನು ಕರೆಸಿ, ಎಷ್ಟು ತಿನ್ನುತ್ತಾರೆಂದು ಕೇಳಿದ್ದೇನೆ. ದೃಷ್ಟಿಗೆ ಹೆದರಿ ಎಣಿಸಿಲ್ಲವೆಂದವರಿಗೆ, ಎಣಿಸುವುದು ತಪ್ಪಲ್ಲ ಎಂದೂ ಹೇಳಿದ್ದೇನೆ. ಅದನ್ನು ಗಂಗವ್ವನಿಗೆ ಹೇಳಿದೆನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.